ಅಕ್ಕನ ಸಾಲಿನ ಪಟ್ಟೆ ನೊಣ

ನಾನು ಚಿಕ್ಕವನಿದ್ದಾಗ ಅಪ್ಪನ ಮೇಲೆ ಬಂದ ಒಂದು ಸಿಟ್ಟು ಇಷ್ಟು ವರ್ಷವಾದರೂ ಪೂರ್ತಿ ಇಳಿದಿಲ್ಲ, ಮಕ್ಕಳೇ. ಅದರಲ್ಲಿ ಅರ್ಧ ನನ್ನ ಮೇಲಿನ ಸಿಟ್ಟೇ.

ಅಬಲೂರಿನ ನಮ್ಮ ಹೊಲದಲ್ಲಿ ಜೋಳದ ನಡುವೆ ಅಲಸಂದೆಯ ಒಂದು ಅಕ್ಕಡಿ ಸಾಲು ಬಿತ್ತುತ್ತಿದ್ದರು. ಆ ಸಾಲು ಅಕ್ಕನದು. ಬೀಜ ಅವ್ವ ತವರಿನಿಂದ ತಂದದ್ದು. ಮರುವರ್ಷದ ಬೀಜವೂ ಅದೇ ಸಾಲಿನಿಂದ ಬರಬೇಕು. ಆ ವರ್ಷ ಕುಡಿಗಳಿಗೆ ರಸ ಹೀರುವ ಕರಿ ಹೇನು ಮುತ್ತಿ, ಮುಟ್ಟಿದರೆ ಬೆರಳು ಅಂಟುತ್ತಿತ್ತು. ಅವುಗಳ ಮೇಲೆ ಹಳದಿ ಪಟ್ಟೆಯ ಸಣ್ಣ ಹುಳುಗಳು ಗಾಳಿಯಲ್ಲಿ ನಿಂತಲ್ಲೇ ನಿಂತು ಗುಂಯ್‌ಗುಡುತ್ತಿದ್ದವು. "ಜೇನು ಬಂದಾವು, ಮುಟ್ಟಬ್ಯಾಡ್ರಿ" ಎಂದಿದ್ದ ಅಪ್ಪ.

ಜೇನಲ್ಲವೆಂದು ಅಕ್ಕನಿಗೆ ಗೊತ್ತಿತ್ತು. ಒಂದನ್ನು ಮೆಲ್ಲಗೆ ಹಿಡಿದು ನನಗೆ ತೋರಿಸಿದಳು. ಜೇನಿಗೆ ನಾಲ್ಕು ರೆಕ್ಕೆ, ಇದಕ್ಕೆ ಎರಡೇ. ರೆಕ್ಕೆಯ ಹಿಂದೆ ಗುಂಡುಸೂಜಿಯಂಥ ಎರಡು ಪುಟ್ಟ ಕಡ್ಡಿ. ಮೀಸೆ ಮೋಟು, ತಲೆ ತುಂಬ ಕಣ್ಣು. ಇದು ನೊಣ! ಎಲೆ ತಿರುವಿ ಅದರ ಹಸಿರು ಮರಿಯನ್ನೂ ತೋರಿಸಿದಳು. ಕಾಲಿಲ್ಲದ ಆ ಹುಳು ಒಂದು ಹೇನನ್ನು ಎತ್ತಿ ಹಿಡಿದು ಹೀರುತ್ತಿತ್ತು. "ಅಪ್ಪಗ ಹೇಳಬ್ಯಾಡ ಮತ್ತ" ಎಂದಳು.

ನನ್ನ ಬಾಯಿ ಸುಮ್ಮನಿರಬೇಕಲ್ಲ! ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಜಾಣತನ ತೋರಿಸಲು ಹೋಗಿ, "ಅಪ್ಪಾ, ಅದು ಜೇನಲ್ಲ, ನೊಣ! ರೆಕ್ಕಿ ಎರಡ ಅದಾವು" ಎಂದುಬಿಟ್ಟೆ.

ಅಪ್ಪ ರೊಟ್ಟಿ ಕೆಳಗಿಟ್ಟ. "ಹಂಗಾರ ಆ ಹಸರು ಹುಳಾ ಅದರ ಮರೀನ. ಒಂದೂ ಬಿಡದಂಗ ಆರಿಸಿ ತಗಿ."

"ಅವು ಎಲಿ ತಿನ್ನೂದಿಲ್ಲಪ್ಪಾ, ಹೇನು ತಿಂತಾವು. ಒಂದ್ಸಲ ತಿರುವಿ ನೋಡು" ಎಂದು ಅಕ್ಕ ಅಂಗಲಾಚಿದಳು.

"ನೊಣದಿಂದ ಚಲೋ ಆಗಿದ್ದು ಎಲ್ಲೆರ ಕಂಡೀಯೇನು?"

ನಾಲ್ಕು ಹೆಜ್ಜೆ ಹೋಗಿ ನೋಡಲಿಲ್ಲ ಪುಣ್ಯಾತ್ಮ! ಜೇನೆಂದರೆ ಅಷ್ಟು ಮರ್ಯಾದೆ, ನೊಣವೆಂದ ಕೂಡಲೇ ಸಾವು. ನಾನೇ ಡಬ್ಬಿ ತುಂಬ ಆರಿಸಿ ಕೋಳಿಗಳಿಗೆ ಹಾಕಿದೆ. ಹದಿನೈದು ದಿನದಲ್ಲಿ ಹೇನು ಸಾಲನ್ನೆಲ್ಲ ಮುತ್ತಿತು. ಕುಡಿಗಳು ಮುರುಟಿದವು, ಬೀಜಕ್ಕೆಂದು ಒಂದು ಕಾಯಿಯೂ ಬಲಿಯಲಿಲ್ಲ. ಅಕ್ಕ ಒಣಗಿದ ಬಳ್ಳಿ ಕಿತ್ತು ತಂದು ಅಪ್ಪನ ಮುಂದೆ ಒಗೆದಳು. ದೀಪಾವಳಿಯವರೆಗೆ ನನ್ನೊಡನೆ ಮಾತಾಡಲಿಲ್ಲ.

ನಿಮಗೀಗ ಫೋನು ಹಿಡಿದರೆ ಸಾಕು, ನೊಣದ ಹೆಸರು ಬಂದುಬಿಡುತ್ತದೆ. ಮೊನ್ನೆ ಹಿತ್ತಲ ಬದನೆ ಗಿಡದಲ್ಲಿ ಪಟ್ಟೆ ನೊಣದ ಚಿತ್ರ ತೆಗೆದು, ಹೆಸರು ಓದಿ, "ಜೇನಲ್ಲ ಅಜ್ಜಾ, ಬರೇ ನೊಣ" ಎಂದು ಸೊಳ್ಳೆ ಬ್ಯಾಟಿನಿಂದ ಚಟ್ಟೆನಿಸಿದಿರಲ್ಲ, ನಾನು ಓಣಿಗೆಲ್ಲ ಕೇಳುವಂತೆ ಕೂಗಾಡಿದ್ದು ಅದಕ್ಕೇ. ಆ ಬ್ಯಾಟು ಈಗ ನನ್ನ ಟ್ರಂಕಿನಲ್ಲಿದೆ. ಎಲೆ ತಿರುವಿ, ಅದರ ಮರಿ ಏನು ತಿನ್ನುತ್ತಿದೆ ಎಂದು ನೋಡಿ ಬಂದು ಹೇಳಿ. ಆಮೇಲೆ ಕೊಡುತ್ತೇನೆ.