ಕೆಂಪು ದಾರದ ಅಳತೆಪಟ್ಟಿ

ದೀಪಾವಳಿಯ ಪಣತಿಗಳನ್ನು ತೊಳೆದು ಅಟ್ಟಕ್ಕೆ ಏರಿಸುವ ಹೊತ್ತಿಗೆ ಸರಿಯಾಗಿ ನನ್ನ ಭಾವನಿಗೆ ಎಂಜಿನ್ನಿನ ಹುಚ್ಚು ಕೆದರುತ್ತದೆ. ಭಾವ ಅಂದರೆ ಅಕ್ಕನ ಗಂಡ. ಖಾನಾಪುರದಲ್ಲಿ ಹೊಲವಿದೆ, ಹೆಂಚಿನ ವ್ಯಾಪಾರವಿದೆ, ಮನೆಯ ಹಿಂದೆ ತಗಡಿನ ಶೆಡ್ಡಿನಲ್ಲಿ ಒಂದು ಹಳೆಯ ಪೆಟ್ರೋಲ್ ಜೀಪಿದೆ. ಮಳೆಗಾಲವೆಲ್ಲ ಅದು ತಾಡಪತ್ರಿಯ ಕೆಳಗೆ ಇಲಿಗಳಿಗೆ ಬಾಣಂತಿ ಕೋಣೆ. ಚಳಿ ಬಿದ್ದ ಕೂಡಲೇ ಭಾವ ತಾಡಪತ್ರಿ ಎಳೆದು, ಸೊಂಟಕ್ಕೆ ಕೈ ಕೊಟ್ಟು ನಿಂತು, "ಈ ಚಳಿಗಾಲದಾಗ ಇದರ ಎಂಜಿನ್ ಬದಲ ಮಾಡೇ ಬಿಡೂಣು" ಎನ್ನುತ್ತಾರೆ. ನಾನು ಅವರಿಗೆ ಕೊಡುವ ಬಹುವಚನ ಅವರ ವಯಸ್ಸಿಗೆ, ಬುದ್ಧಿಗಲ್ಲ.

ಪ್ರತಿ ಭಾನುವಾರ ಅವರ ಗೆಳೆಯರು ನಾಲ್ಕು ಜನ ಶೆಡ್ಡಿನಲ್ಲಿ ಕೂಡುತ್ತಾರೆ. ನಡುವೆ ಚುರಮುರಿಯ ಪಾತೇಲಿ. ಯಾರದೋ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಯೋಜನೆ ಇಳಿಯುತ್ತದೆ. ದೊಡ್ಡ ಟಾಯರು, ಚಾವಣಿಯ ಮೇಲೆ ಆರು ದೀಪ, ಹೊಳೆ ದಾಟುವಾಗ ಎಂಜಿನ್ನಿಗೆ ನೀರು ನುಗ್ಗದಂತೆ ಮೇಲಕ್ಕೆ ಎತ್ತಿದ ಗಾಳಿಕೊಳವೆ. ಆ ಜೀಪು ಜನ್ಮದಲ್ಲಿ ದಾಟಿದ ಹೊಳೆ ಅಂದರೆ ಅಕ್ಕ ಅಂಗಳ ತೊಳೆದ ನೀರು. ಹಿಂದಿನ ಚಳಿಗಾಲದಲ್ಲಿ ಕಾಡು ನೋಡುತ್ತೇವೆಂದು ಹೊರಟು ಗುಂಜಿಯ ಹತ್ತಿರ ಕೆಟ್ಟು ನಿಂತಿತು. ಐದೂ ಜನ ಶೂರರು ಸ್ಟೇಷನ್ನಿಗೆ ನಡೆದು ಹೋಗಿ ರೈಲಿನಲ್ಲಿ ಮನೆಗೆ ಬಂದರು. ನಾಚಿಕೆ ಇದ್ದವರಾದರೆ ಅಲ್ಲಿಗೇ ಬಿಡುತ್ತಿದ್ದರು. ಇವರು ರೈಲಿನಲ್ಲೇ ಮುಂದಿನ ಚಳಿಗಾಲದ ಯೋಜನೆ ಹಾಕಿದರಂತೆ.

ಇನ್ನೊಂದು ತಮಾಷೆ ಇದೆ. ನಮ್ಮದು ಜೈನರ ಮನೆತನ, ಹೊತ್ತು ಮುಳುಗುವ ಮುಂಚೆ ಊಟ ಮುಗಿಯಬೇಕು. ಚಳಿಗಾಲದಲ್ಲಿ ಐದು ಗಂಟೆಗೆಲ್ಲ ಅಕ್ಕ ತಾಟು ಹಾಕುತ್ತಾಳೆ. ಇವರ ಕೆಲಸ ಶುರುವಾಗುವುದು ಹನ್ನೊಂದಕ್ಕೆ, ನಡುವೆ ಮಧ್ಯಾಹ್ನದ ಊಟ, ಅದರ ಬೆನ್ನಿಗೆ ಒಂದು ನಿದ್ದೆ. ವರ್ಷದಲ್ಲಿ ಬೆಳಕು ಎಲ್ಲಕ್ಕಿಂತ ಕಡಿಮೆ ಇರುವ ತಿಂಗಳುಗಳನ್ನೇ ಹುಡುಕಿ ಕೆಲಸಕ್ಕೆ ಇಟ್ಟುಕೊಂಡ ಜಾಣರು ಇವರು.

ಆದರೆ ಈ ಸಲದ ಚಳಿಗಾಲದಲ್ಲಿ ಖರೇನೇ ಎಂಜಿನ್ ಬಂತು. ಗುಜರಿಗೆ ಹೋದ ಒಂದು ಪಿಕಪ್ ಗಾಡಿಯ ಡೀಸೆಲ್ ಎಂಜಿನ್. ಅದನ್ನು ಕಟ್ಟೆಯ ಮೇಲೆ ಕೂರಿಸಿ ಭಾವ ಕುಂಕುಮ ಹಚ್ಚಿದರು. ಆಮೇಲೆ ಖಾನಾಪುರದ ಮಿಸ್ತ್ರಿ ಬಂದು ನೋಡಿ, ಎಂಜಿನ್ನಿನ ಬೋಲ್ಟ್ ತೂತುಗಳೇ ಬೇರೆ, ಜೀಪಿನ ಗೇರ್‌ಬಾಕ್ಸಿನ ತೂತುಗಳೇ ಬೇರೆ, ಎರಡನ್ನೂ ಕೂಡಿಸಲು ನಡುವೆ ಒಂದು ದಪ್ಪ ತಟ್ಟೆ ಬೇಕು ಎಂದ. ಪುಣೆಯಲ್ಲಿ ಅಂಥ ತಟ್ಟೆ ತಯಾರು ಸಿಗುತ್ತದೆ ಎಂದೂ ಹೇಳಿದ. ಹೇಳಬಾರದಿತ್ತು. ಬೆಳಗಾವಿ ಸೀಮೆಯವನು ಕಬ್ಬಿಣದ ವಸ್ತುವನ್ನು ಹೊರಗಿನಿಂದ ತರಿಸುವುದು ಅಂದರೆ ಗೋಕಾಕದವನು ಪರವೂರಿನ ಕರದಂಟು ತಿಂದ ಹಾಗೆ. ಇಲ್ಲಿ ಪ್ರತಿಯೊಬ್ಬನಿಗೂ ಲೇಥ್ ಇರುವ ಒಬ್ಬ ಮಾವ, ಫೌಂಡ್ರಿ ಇರುವ ಒಬ್ಬ ಗೆಳೆಯ ಇರುತ್ತಾರೆ.

ನಮಗೂ ಇದ್ದ. ನನ್ನ ಅವ್ವನ ತಮ್ಮ, ನಮ್ಮ ಮಾಮಾ. ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಆಯುಷ್ಯವೆಲ್ಲ ಕಟ್ಟಿಗೆಯ ಅಚ್ಚು ಮಾಡಿದವನು. ಕರಗಿದ ಬೀಡುಕಬ್ಬಿಣವನ್ನು ಎರಕ ಹೊಯ್ಯಲು ಮೊದಲು ಕಟ್ಟಿಗೆಯಲ್ಲಿ ಆ ವಸ್ತುವಿನ ಅಚ್ಚು ಬೇಕಲ್ಲ, ಅದು. ಎರಡೂ ಕಣ್ಣಿಗೆ ಪೊರೆ ಬಂದು, ಒಂದರದು ಆಪರೇಷನ್ ಆಗಿ, ಇನ್ನೊಂದರದು ಉಳಿದುಕೊಂಡಾಗಿನಿಂದ ಅವನನ್ನು ಯಾರೂ ಕೆಲಸಕ್ಕೆ ಕರೆದಿರಲಿಲ್ಲ. ಟಿಳಕವಾಡಿಯಲ್ಲಿ ನಮ್ಮ ಮನೆಯ ಹಿಂದಿನ ಪಡಸಾಲೆಯಲ್ಲಿ ಕುಳಿತು ಉಳಿಗಳಿಗೆ ಎಣ್ಣೆ ಹಚ್ಚುವುದೊಂದೇ ಅವನ ಉದ್ಯೋಗ. ಹಳೆಯ ಮಾಲಕ ಮಾತ್ರ ಈ ತಟ್ಟೆಯ ಸುದ್ದಿ ಕೇಳಿ, "ಅಚ್ಚು ಮಾಡಿ ಕೊಡ್ರಿ, ಎರಕಾ ನಾ ಹೊಯ್ಯಸ್ತೀನಿ. ತಟ್ಟಿ ಬರೋಬ್ಬರಿ ಕುಂತ್ರ ವಾರಕ್ಕ ಎರಡ ದಿನಾ ಬಂದು ಹೊಸಾ ಮಂದಿಗೆ ಕೆಲಸಾ ಕಲಸ್ರಿ" ಎಂದಿದ್ದ. ಆ ಮಾತು ಕೇಳಿದ ಮರುದಿನ ಮಾಮಾ ಟೊಪ್ಪಿಗೆ ಒಗೆದು ಒಣಗಹಾಕಿದ್ದ. ಫೌಂಡ್ರಿಗೆ ಹೋಗುವಾಗ ಹಾಕುತ್ತಿದ್ದ ಟೊಪ್ಪಿಗೆ ಅದು.

ಅಳತೆ ತೆಗೆಯಲು ಒಂದು ಭಾನುವಾರ ನಾನೇ ಅವನನ್ನು ಖಾನಾಪುರಕ್ಕೆ ಕರೆದುಕೊಂಡು ಹೋದೆ. ಹೋದ ಕೂಡಲೇ ಭಾವ, "ಬರ್ರಿ ಸಾಹಿತಿಗಳ, ಪಾನಾ ಯಾವದು ಪಕ್ಕಡ ಯಾವದು ಗೊತ್ತೈತೇನು?" ಎಂದು, ಆಗೀಗ ಕತೆ ಬರೆಯುವ, ಸ್ಪ್ಯಾನರಿಗೂ ಇಕ್ಕಳಕ್ಕೂ ವ್ಯತ್ಯಾಸ ತಿಳಿಯದ ನನ್ನನ್ನು ಗೆಳೆಯರ ಮುಂದೆ ಕಿಚಾಯಿಸಿದರು. ನಾಲ್ಕೂ ಜನ ಚುರಮುರಿ ಉದುರಿಸಿಕೊಂಡು ನಕ್ಕರು. "ನೀವು ಟಾರ್ಚ್ ಹಿಡೀರಿ ಸಾಕು" ಎಂದು ಕೈಗೆ ಟಾರ್ಚ್ ಕೊಟ್ಟರು. ಆಮೇಲೆ ಊಟ, ನಿದ್ದೆ, ಚಹಾ ಎಲ್ಲ ಮುಗಿದು ಮಾಮಾ ಎಂಜಿನ್ನಿನ ಮುಂದೆ ಕುಳಿತಾಗ ನಾಲ್ಕೂವರೆ. ಶೆಡ್ಡಿನೊಳಗೆ ಮಬ್ಬು. ಅಕ್ಕ ಒಳಗಿನಿಂದ ಊಟಕ್ಕೆ ಎರಡು ಸಲ ಕೂಗಿ ಆಗಿತ್ತು.

ಅಲ್ಲೇ ನಿಂತಿದ್ದ ಮಿಸ್ತ್ರಿ ಒಂದು ಒಳ್ಳೆಯ ಮಾತು ಹೇಳಿದ. "ಅಳತಿ ಯಾಕ್ರೀ ಯಜಮಾನ್ರ, ರಟ್ಟು ಇಟ್ಟು ಮ್ಯಾಲ ಕುಟ್ಟಿದ್ರ ತೂತು ತಾವ ಮೂಡತಾವು."

"ರಟ್ಟಿನ ಮ್ಯಾಲ ಅಂಗಿ ಹೊಲೀತಾರ" ಎಂದ ಮಾಮಾ. ಪೆಟ್ಟಿಗೆ ತೆರೆದು ಕೈಯಾಡಿಸಿ ಉಕ್ಕಿನ ಅಳತೆಪಟ್ಟಿ ತೆಗೆದ.

ಪಟ್ಟಿಯ ತುದಿಯ ತೂತಿನಲ್ಲಿ ಕೆಂಪು ದಾರ ಇತ್ತು.

ಆ ದಾರದ ಅರ್ಥ ಅಲ್ಲಿ ಮಾಮಾನನ್ನು ಬಿಟ್ಟರೆ ನನಗೊಬ್ಬನಿಗೇ ಗೊತ್ತು. ಬೀಡು ಆರುವಾಗ ಕುಗ್ಗುತ್ತದೆ, ಅಡಿಗೆ ಸುಮಾರು ಒಂದು ಸೂತ, ಅಂದರೆ ಇಂಚಿನ ಎಂಟನೇ ಒಂದು ಭಾಗ. ಅದಕ್ಕೇ ಅಚ್ಚು ಮಾಡುವವರ ಪಟ್ಟಿಯಲ್ಲಿ ಗೆರೆಗಳನ್ನೇ ಅಷ್ಟು ಅಗಲಿಸಿ ಕೊರೆದಿರುತ್ತಾರೆ. ಆ ಪಟ್ಟಿಯ ಅಡಿ ಲೋಕದ ಅಡಿಗಿಂತ ಒಂದು ಸೂತ ಉದ್ದ. ಅಚ್ಚು ಕೆತ್ತಲು ಅದು ಬೇಕೇ ಬೇಕು. ಮುಂದಿರುವ ವಸ್ತುವನ್ನು ಅಳೆಯಲು ಮಾತ್ರ ಅದನ್ನು ಮುಟ್ಟಬಾರದು, ಅಳತೆ ಅಡಿಗೆ ಒಂದು ಸೂತ ಕಡಿಮೆ ಬರುತ್ತದೆ; ಅದಕ್ಕೆ ಬೇರೆ ಸಾದಾ ಪಟ್ಟಿ ಇದೆ. ನೋಡಲು ಎರಡೂ ಒಂದೇ ಥರ, ಗುರುತಿಗೆ ಒಂದಕ್ಕೆ ಕೆಂಪು ದಾರ. ಚಿಕ್ಕವನಿದ್ದಾಗ ನಾನು ತಪ್ಪು ಪಟ್ಟಿ ಎತ್ತಿಕೊಂಡದ್ದಕ್ಕೆ ಇದೇ ಮಾಮಾ ನನ್ನ ಕಿವಿ ಹಿಂಡಿದ್ದ.

ಈಗ ಅವನೇ ಅದನ್ನು ಎತ್ತಿಕೊಂಡಿದ್ದ. ಕೈಯ ರೂಢಿ ಹಾಗೆ, ಕಣ್ಣು ಹಾಗೆ, ಬೆಳಕು ಹಾಗೆ. ಟಾರ್ಚ್ ನನ್ನ ಕೈಯಲ್ಲಿತ್ತು. ಅವನು ಒಂದೊಂದೇ ಅಳತೆ ಹೇಳುತ್ತ ಹೋದ, ಭಾವ ಲಗ್ನಪತ್ರಿಕೆಯ ಮೇಲೆ ಬರೆಯುತ್ತ ಹೋದರು. "ಮಾಮಾ, ಪಟ್ಟಿ ನೋಡು" ಎಂಬ ಮೂರು ಶಬ್ದ ಸಾಕಿತ್ತು. ನಾನು ಆಡಲಿಲ್ಲ. ತಟ್ಟೆ ಕೂಡದೇ ಹೋಗಲಿ, ನಾಲ್ಕು ಜನರ ಮುಂದೆ ಇವರ ಬಡಾಯಿಯ ಗಾಳಿ ಇಳಿಯಲಿ ಎಂದುಕೊಂಡೆ. ಮಾಮಾನ ನೆನಪಾಗಲಿಲ್ಲ ಎಂದರೆ ಸುಳ್ಳು. ಒಗೆದಿಟ್ಟ ಟೊಪ್ಪಿಗೆಯೂ ನೆನಪಾಯಿತು. ಭಾವನ ಮುಖ ಬೀಳುವುದನ್ನು ನೋಡುವ ಆಸೆ ಅದಕ್ಕಿಂತ ದೊಡ್ಡದಿತ್ತು.

ಮಾಮಾ ಹದಿನೈದು ದಿನ ಪಡಸಾಲೆಯಲ್ಲಿ ಕುಳಿತು ಅಚ್ಚು ಕೆತ್ತಿದ. ಬೆರಳಿನಿಂದ ಸವರಿ ಸವರಿ ನುಣುಪು ನೋಡುತ್ತಿದ್ದ. ಎರಕ ಆಯಿತು, ಲಗ್ನಪತ್ರಿಕೆಯ ಮೇಲೆ ಬರೆದ ಅಳತೆಗೆ ತೂತು ಕೊರೆದದ್ದೂ ಆಯಿತು. ಆ ದಿನಗಳಲ್ಲೂ ನಾನು ಬಾಯಿ ಬಿಡಬಹುದಿತ್ತು. ದಿನಾ ಬೆಳಗ್ಗೆ ಅವನ ಮುಂದೆ ಚಹಾ ಇಟ್ಟು ಪೇಪರ್ ಓದಲು ಹೋಗುತ್ತಿದ್ದೆ.

ಜೋಡಿಸುವ ದಿನ ಎಲ್ಲರೂ ಶೆಡ್ಡಿನಲ್ಲಿ ಸೇರಿದೆವು. ಮಾಮಾ ಟೊಪ್ಪಿಗೆ ಹಾಕಿಕೊಂಡಿದ್ದ. ಮಿಸ್ತ್ರಿ ತಟ್ಟೆಯನ್ನು ಎತ್ತಿ ಎಂಜಿನ್ನಿಗೆ ಹಿಡಿದ. ಕೆಳಗಿನ ಎರಡು ಬೋಲ್ಟ್ ಕೂತವು. ಮೇಲಿನ ಒಂದೂ ಕೂಡಲಿಲ್ಲ. ತಿರುಗಿಸಿ ಹಿಡಿದ, ಎಣ್ಣೆ ಹಚ್ಚಿ ನೋಡಿದ. ಮೇಲಿನ ತೂತುಗಳೆಲ್ಲ ಸುಮಾರು ಒಂದು ಸೂತ ಕೆಳಗೆ ನಿಂತಿದ್ದವು.

ನಾನು ಭಾವನ ಮುಖ ನೋಡಿದೆ. ಅದು ಬೀಳಲಿಲ್ಲ. ಯೋಜನೆ ಹಾಕುವವನಿಗೆ ಸೋಲು ಎಂಬುದೇ ಇಲ್ಲ ಎಂದು ನನಗೆ ಮೊದಲೇ ಹೊಳೆಯಬೇಕಿತ್ತು. ಅವನ ಕಿಸೆಯಲ್ಲಿ ಇನ್ನೊಂದು ಯೋಜನೆ ಇರುತ್ತದೆ. "ಇರಲಿ ಬಿಡ್ರಿ ಮಾಮಾರ, ವಯಸ್ಸಾತು. ಕಣ್ಣು ಮೊದಲಿನಂಗ ಎಲ್ಲಿ ಇರತಾವು" ಎಂದು ಬಲು ಪ್ರೀತಿಯಿಂದ ಹೇಳಿ, ಅಲ್ಲೇ ನಿಂತು ಮೊಬೈಲಿನಲ್ಲಿ ಪುಣೆಯ ತಟ್ಟೆಗೆ ಹೇಳಿಬಿಟ್ಟರು. ಗೆಳೆಯರೆಲ್ಲ, ಹೌದು, ವಯಸ್ಸಾತು, ಪಾಪ ಎಂದರು. ಮಾಮಾ ಟೊಪ್ಪಿಗೆ ತೆಗೆದು ಕಿಸೆಗೆ ಹಾಕಿಕೊಂಡ.

ಪುಣೆಯ ತಟ್ಟೆ ವಾರದಲ್ಲಿ ಬಂತು, ಸರಿಯಾಗಿ ಕೂತಿತು. ಜೀಪು ಈಗ ಓಡುತ್ತದೆ, ಮೊದಲು ಪೆಟ್ರೋಲ್ ಕುಡಿದು ಕೆಟ್ಟು ನಿಲ್ಲುತ್ತಿದ್ದುದು ಈಗ ಡೀಸೆಲ್ ಕುಡಿದು ಕೆಟ್ಟು ನಿಲ್ಲುತ್ತದೆ. ಫೌಂಡ್ರಿಯ ಮಾಲಕನಿಂದ ಆಮೇಲೆ ಫೋನ್ ಬರಲಿಲ್ಲ.

ಜೋಡಿಸಿ ಸೋತ ಮರುದಿನವೇ ಮಾಮಾ ಪಡಸಾಲೆಯ ಬಿಸಿಲಿನಲ್ಲಿ ಪೆಟ್ಟಿಗೆ ತೆರೆದು ಕುಳಿತಿದ್ದ. ನಾನು ಚಹಾ ತಂದಾಗ ಎರಡೂ ಪಟ್ಟಿಗಳು ಅವನ ತೊಡೆಯ ಮೇಲೆ ಅಕ್ಕಪಕ್ಕ ಇದ್ದವು. ಒಂದರ ಗೆರೆಯನ್ನು ಇನ್ನೊಂದರ ಗೆರೆಗೆ ಹಚ್ಚಿ ಉಗುರಿನಿಂದ ತಡವಿ ನೋಡುತ್ತಿದ್ದ.

"ಟಾರ್ಚ್ ನೀನ ಹಿಡದಿದ್ದಿ" ಎಂದ.

"ಹೂಂ."

"ಈ ದಾರ ನಿನಗ ಕಾಣಲಿಲ್ಲೇನು?"

"ಕಾಣಲಿಲ್ಲ ಮಾಮಾ" ಎಂದೆ.

ಅವನು ಚಹಾ ಕುಡಿದು ಮುಗಿಸಿದ. ಪಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ತಳಕ್ಕೆ ಇಟ್ಟ. "ನಾಳೆ ನನಗ ನೆಹರು ನಗರದ ದವಾಖಾನಿಗೆ ಹೋಗೂದೈತಿ, ಇನ್ನೊಂದು ಕಣ್ಣು ತೋರಸಾಕ. ನೀನೂ ಬಾ. ನಿನ್ನವೂ ತೋರಸೂಣು."

ಹೋದೆವು. ಡಾಕ್ಟರು ಮೊದಲು ನನ್ನನ್ನು ಕೂರಿಸಿ, ಗೋಡೆಯ ಮೇಲಿನ ಎಲ್ಲಕ್ಕಿಂತ ಸಣ್ಣ ಸಾಲಿನ ತನಕ ಓದಿಸಿ, ನಿಮ್ಮ ಕಣ್ಣು ಬಹಳ ಚೆನ್ನಾಗಿವೆ, ಯಾವ ತೊಂದರೆಯೂ ಇಲ್ಲ ಎಂದರು. ಮಾಮಾ ನನ್ನ ಬಾಜೂಕಿನ ಕುರ್ಚಿಯಲ್ಲಿ ಕುಳಿತು ಅದನ್ನು ಕೇಳಿಸಿಕೊಂಡ.