ಮಡ್‌ಗಾರ್ಡ್ ಕೆಳಗೆ ಒಂದು ಮುಷ್ಟಿ ಜಾಗ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೆಟ್ಟದ ದಾರಿ ಶುರುವಾಗುವ ತಿರುವಿನಲ್ಲಿ ಒಂದು ತಗಡಿನ ಶೆಡ್ಡು. ಒಳಗೆ ನಿಂತಿರುವ ಹಳೆಯ ಜೀಪಿನ ಅಡಿಯಿಂದ ಎರಡು ಕಾಲು ಹೊರಗೆ ಚಾಚಿವೆ. ಕಾಲಲ್ಲಿ ಗಂಡಸರ ಬೂಟು. ಠಣ್, ಠಣ್ ಎನ್ನುತ್ತಿದ್ದ ಸುತ್ತಿಗೆ ಇದ್ದಕ್ಕಿದ್ದಂತೆ ದಬ್ ಎನ್ನುತ್ತದೆ. “ಹಾಂ, ಸಿಕ್ಕಿಬಿದ್ಯಾ ಕಳ್ಳ!” ಎಂದು ಅಡಿಯಿಂದ ಹೆಂಗಸಿನ ದನಿ ಗದರುತ್ತದೆ.

ಬೈಸಿಕೊಂಡಿದ್ದು ಬಿರುಕು ಬಿಟ್ಟ ಉಕ್ಕಿನ ಪಟ್ಟಿ. ಜೀಪಿನ ಭಾರವನ್ನೆಲ್ಲ ಹೊತ್ತು, ಗುಂಡಿ ಬಂದಾಗಲೆಲ್ಲ ಬಾಗಿ ಏಳುವ ಇಂಥ ಪಟ್ಟಿಗಳ ಕಟ್ಟಿಗೆ ಕಮಾನು ಎಂದು ಹೆಸರು. ಅದನ್ನು ಬಡಿದು, ಬಾಗಿಸಿ, ಗಾಡಿಗೆ ಬೇಕಾದ ಎತ್ತರ ಕೊಡುವುದು ಈ ಹೆಂಗಸಿನ ಕೆಲಸ. ಹಾಗಾಗಿ ಊರಿಗೆಲ್ಲ ಅವರು ಕಮಾನಕ್ಕ. ವಯಸ್ಸು ಅರವತ್ತು ದಾಟಿದೆ. ಕೊರಳಿಗೆ ಅಪ್ಪನ ಕಾಲದ ಚರ್ಮದ ಏಪ್ರನ್. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಇಳಿಯುವುದಕ್ಕೂ ಹೆಚ್ಚು ಹೊತ್ತು ಬೇಡ.

ಒಂದು ಕಾಲಕ್ಕೆ, ಅಬ್ಬಬ್ಬಾ, ಈ ತಿರುವಿನಲ್ಲಿ ಬೆಳಗಾದರೆ ಜೀಪುಗಳ ಸಾಲು. ಹಿಟ್ಟಿನ ಮೂಟೆ, ಕೋಳಿ, ಶಾಲೆ ಮಕ್ಕಳು, ಮದುವೆ ಹೆಣ್ಣು, ಎಲ್ಲವೂ ಒಂದೇ ಗಾಡಿಯಲ್ಲಿ. ಸೀಟು ಸಿಗದವರು ಹಿಂದೆ ಜೋತಾಡಿಕೊಂಡು ಹಾಡು ಹೇಳುತ್ತ ಹೋಗುತ್ತಿದ್ದರು. ಸಂಜೆ ಹೊತ್ತಿಗೆ ಅವೇ ಗಾಡಿಗಳು ಕಮಾನು ಮುರಿದುಕೊಂಡು ಕುಂಟುತ್ತ ಬರುತ್ತಿದ್ದವು. ಅಪ್ಪ ಪಟ್ಟಿ ಕಾಯಿಸಿ ಬಡಿಯುತ್ತಿದ್ದರು, ಮಗಳು ತಿದಿ ಒತ್ತುತ್ತಿದ್ದಳು. ಈಗ ವಾರಕ್ಕೊಂದು ಗಾಡಿ ಬಂದರೆ ಹೆಚ್ಚು. ಆ ಗದ್ದಲ ಕೇಳೀತೇನೋ ಎಂದು ಕಮಾನಕ್ಕ ಇವತ್ತಿಗೂ ಬೆಳಗಾದರೆ ದಾರಿ ನೋಡುತ್ತಾರೆ.

“ಅಪ್ಪನಿಗೆ ಬೆನ್ನು ಹಿಡ್ಕೊಂಡ ದಿನ ಸುತ್ತಿಗೆ ನನ್ನ ಕೈಗೆ ಬಂತು. ಹೆಂಗಸು ಬಡಿದ ಕಮಾನು ಅಂತ ಡ್ರೈವರುಗಳು ಮೂಗು ಮುರಿದ್ರು. ಆಮೇಲೆ ಒಬ್ಬನೂ ಬೇರೆ ಕಡೆ ಹೋಗ್ಲಿಲ್ಲ. ಹೋಗೋಕೆ ಬೇರೆ ಕಡೆ ಇರ್ಲೂ ಇಲ್ಲ ಅನ್ನಿ,” ಎಂದು ಗಟ್ಟಿಯಾಗಿ ನಗುತ್ತಾರೆ.

ಈಗ ಅಡಿಯಲ್ಲಿ ಬಡಿಸಿಕೊಳ್ಳುತ್ತಿರುವ ಜೀಪು ಆ ಸಾಲಿನಲ್ಲಿ ಉಳಿದುಕೊಂಡ ಕೊನೆಯದು. ಬೆಟ್ಟದ ಮೇಲಿನ ಹಳ್ಳಿಗೆ ಹೋಗುವ ಗಾಡಿ ಇದೊಂದೇ. ಕಳೆದ ಮಳೆಗೆ ದಾರಿಯ ಮಣ್ಣೆಲ್ಲ ಕೊಚ್ಚಿಹೋಗಿ ಬರೀ ಕಲ್ಲು ಎದ್ದಿದೆ. ಗಾಡಿಯ ಹೊಟ್ಟೆ ಕಲ್ಲಿಗೆ ಬಡಿದು ಬಡಿದು ಡ್ರೈವರ್‌ಗೆ ಸಾಕಾಗಿದೆ. ಎಲ್ಲಿಂದಲೋ ನಾಲ್ಕು ದೊಡ್ಡ ಟೈರು ಹೊಂದಿಸಿಕೊಂಡು ಬಂದಿದ್ದಾನೆ. ಈ ಡ್ರೈವರ್‌ನ ಅಪ್ಪನೂ ಇದೇ ಜೀಪು ಓಡಿಸಿದವರು, ಈಗ ಅವರಿಲ್ಲ.

“ಅಕ್ಕ, ಐದಿಂಚು ಎತ್ತಿಬಿಡಿ. ಟೈರು ಎಲ್ಲೂ ತಾಗಬಾರದು, ನೋಡೋಕೂ ಗತ್ತಾಗಿರ್ಬೇಕು.”

“ಟೈರು ಮೊದಲು ತಂದು ಎತ್ತರ ಆಮೇಲೆ ಕೇಳ್ತೀಯಲ್ಲೋ ತಮ್ಮ, ಚಪ್ಪಲಿ ಕೊಂಡುಕೊಂಡು ಕಾಲು ಹುಡುಕಿದ ಹಾಗೆ,” ಎನ್ನುತ್ತಾರೆ ಕಮಾನಕ್ಕ. “ನಿನ್ನ ಗಾಡೀಲಿ ಕಲ್ಲಿಗೆ ಬಡಿಯೋದು ಎರಡು ಚಕ್ರ ಸೇರಿಸೋ ಆಕ್ಸಲ್ ನಡುವಿನ ಗುಂಡು. ಅದನ್ನ ದೊಡ್ಡ ಟೈರೇ ಎತ್ತುತ್ತೆ. ಕಮಾನು ಎಷ್ಟು ಎತ್ತಿದ್ರೂ ಗುಂಡು ಇದ್ದಲ್ಲೇ ಇರುತ್ತೆ, ಬಾಡಿ ಮಾತ್ರ ಮೇಲೆ ಹೋಗುತ್ತೆ. ಟೈರಿಗೆ ಜಾಗ ಆಗೋಷ್ಟು ಎತ್ತಿದ್ರೆ ಸಾಕು. ಓರೆ ದಾರೀಲಿ ತಲೆಭಾರ ಆಗಿ ಮಗುಚಿಕೊಂಡ್ರೆ ಗತ್ತು ಎಲ್ಲಿಟ್ಕೋತೀಯ?”

ಅವರದೊಂದು ಪದ್ಧತಿಯಿದೆ. ಕಮಾನು ಬಿಚ್ಚುವ ಮೊದಲು ಹೊಸ ಟೈರು ಹಾಕಿ, ಜಾಕ್ ಕೊಟ್ಟು, ಆಕ್ಸಲ್ಲಿಗೂ ಬಾಡಿ ಹೊತ್ತ ಚಾಸಿಗೂ ನಡುವೆ ಮರದ ತುಂಡಿಟ್ಟು ಗಾಡಿಯನ್ನು ಕೇಳಿದ ಎತ್ತರಕ್ಕೆ ನಿಲ್ಲಿಸುತ್ತಾರೆ. ಆಮೇಲೆ ಆ ಗಾಡಿಯಲ್ಲಿ ದಿನಾ ಹತ್ತಿ ಇಳಿಯುವವರು ಬಂದು ಹತ್ತಿ ತೋರಿಸಬೇಕು. ಬರದಿದ್ದರೆ ಕೆಲಸವಿಲ್ಲ. ಡ್ರೈವರುಗಳು ಇದಕ್ಕೆ ಗೊಣಗುತ್ತಾರೆ, ಗೊಣಗುತ್ತಲೇ ಕರೆದುಕೊಂಡು ಬರುತ್ತಾರೆ.

ಇವತ್ತು ಬಂದಿರುವುದು ಡ್ರೈವರ್‌ನ ಅಮ್ಮ. ವಾರಕ್ಕೊಮ್ಮೆ ಮೊಟ್ಟೆ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು, ಮುಂದಿನ ಸೀಟಿನಲ್ಲಿ ಕೂತು, ಕೆಳಗಿನ ಮಾರುಕಟ್ಟೆಗೆ ಬರುವವರು. ಮದುವೆಯಾದಾಗಿನಿಂದ ಆ ಸೀಟು ಅವರದೇ. ಮೊಟ್ಟೆಯೊಂದು ನೆಪ. ಗೆಳತಿಯರ ಜೊತೆ ಮಾತಾಡಿ, ಹೊಟ್ಟೆ ತುಂಬ ನಕ್ಕು ಹೋದರೆ ಅವರಿಗೆ ಮತ್ತೆ ಏಳು ದಿನಕ್ಕೆ ಸಾಕು.

ಐದಿಂಚಿನ ಮೇಲೆ ನಿಂತ ಜೀಪಿನ ಮುಂದೆ ಅಮ್ಮ ಬಂದು ನಿಲ್ಲುತ್ತಾರೆ. ಹಿಡಿ ಹಿಡಿದು ಕಾಲೆತ್ತುತ್ತಾರೆ. ಮಂಡಿ ಅಷ್ಟು ಮೇಲಕ್ಕೆ ಬರುವುದಿಲ್ಲ. ಮತ್ತೊಮ್ಮೆ ನೋಡುತ್ತಾರೆ. ಮಗ ಎತ್ತಿ ಕೂರಿಸಲು ಹೋದರೆ, “ಬಿಡೋ, ನಾನೇನು ಮೂಟೆನಾ?” ಎಂದು ಕೈ ಕೊಡವುತ್ತಾರೆ. ಆಮೇಲೆ ಮೊಟ್ಟೆ ಬುಟ್ಟಿಯನ್ನು ಅವನತ್ತ ಸರಿಸಿ, “ಹೋಗ್ಲಿ ಬಿಡು, ಇನ್ಮೇಲೆ ಮೊಟ್ಟೆ ನೀನೇ ಮಾರ್ಕೊಂಡು ಬಾ,” ಎನ್ನುತ್ತಾರೆ.

ಡ್ರೈವರ್‌ನ ಮುಖ ಸಪ್ಪಗಾಗುತ್ತದೆ. “ಬಾಗಿಲ ಕೆಳಗೆ ಒಂದು ಮೆಟ್ಟಿಲು ಇಳಿಬಿಟ್ರೆ ಆಗಲ್ವಾ ಅಕ್ಕ?”

“ಮೊದಲನೇ ಕಲ್ಲಿಗೇ ಕಿತ್ಕೊಂಡು ಹೋಗುತ್ತೆ ಕಣೋ.”

ಕಮಾನಕ್ಕ ಮರದ ತುಂಡುಗಳನ್ನು ಬದಲಿಸಿ ಗಾಡಿಯನ್ನು ಎರಡಿಂಚಿಗೆ ಇಳಿಸುತ್ತಾರೆ. ಈ ಸಲ ಅಮ್ಮ ಉಸ್ ಎನ್ನುತ್ತ ತಾವೇ ಹತ್ತಿ ಕೂರುತ್ತಾರೆ. ಆದರೆ ಕಮಾನಕ್ಕ ಸ್ಟೇರಿಂಗನ್ನು ಪೂರ್ತಿ ತಿರುಗಿಸಿ, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮುಷ್ಟಿ ತೂರಿಸಲು ನೋಡಿದರೆ ಬೆರಳೂ ಹೋಗುವುದಿಲ್ಲ. ಅಲ್ಲಿ ಒಂದು ಮುಷ್ಟಿಯಷ್ಟು ಜಾಗ ಇರಲೇಬೇಕು ಎಂಬುದು ಅವರ ಅಪ್ಪ ಕಲಿಸಿದ ಲೆಕ್ಕ. ಇಲ್ಲದಿದ್ದರೆ ಗುಂಡಿಗೆ ಬಿದ್ದಾಗ ಟೈರು ಉಜ್ಜಿ ಹರಿಯುತ್ತದೆ. ಇನ್ನೊಂದಿಂಚು ಎತ್ತಿದರೂ ಅಮ್ಮನಿಗೆ ಹತ್ತಲಾಗದು. ಉಳಿದಿರುವ ದಾರಿ ಒಂದೇ, ಮಡ್‌ಗಾರ್ಡಿನ ಅಂಚು ಕತ್ತರಿಸಬೇಕು.

“ಅದೊಂದು ಬೇಡ,” ಎನ್ನುತ್ತಾನೆ ಡ್ರೈವರ್.

ಆ ಅಂಚಿನ ಉದ್ದಕ್ಕೂ ಹಳದಿ ಹೂಬಳ್ಳಿಯಿದೆ. ಬಣ್ಣ ಮಾಸಿದೆ, ಹೂಗಳು ಒಂದರಂತೆ ಇನ್ನೊಂದಿಲ್ಲ. ಹೊಸದಾಗಿ ಮದುವೆಯಾದ ವರ್ಷ ಅವನ ಅಪ್ಪ ಬಾಗಿಲಿಗೆ ಬಳಿದು ಮಿಕ್ಕ ಬಣ್ಣದಲ್ಲಿ ಬರೆದಿದ್ದು. ದೂರದ ತಿರುವಿನಲ್ಲೇ ಹೆಂಡತಿಗೆ ಗಾಡಿಯ ಗುರುತು ಸಿಗಲಿ ಎಂದು. ಅಪ್ಪನ ಕೈಯ ಕೆಲಸ ಅಂತ ಮನೆಯಲ್ಲಿ ಉಳಿದಿರುವುದು ಅದೊಂದೇ.

ಕಮಾನಕ್ಕ ಸುತ್ತಿಗೆಯ ಹಿಡಿ ಒರೆಸುತ್ತ ನಿಂತಿದ್ದಾರೆ. ಅವರ ಅಪ್ಪ ಪಟ್ಟಿ ಬಡಿಯುತ್ತಿದ್ದರೆ ಈ ಬಳ್ಳಿ ಬರೆದವರು ಇಲ್ಲೇ ಚಹಾ ಹೀರುತ್ತ ಹರಟುತ್ತಿದ್ದರು. ಅದೆಲ್ಲ ಕಣ್ಣ ಮುಂದೆ ಬಂದು ಹೋಗುತ್ತದೆ. ಕತ್ತರಿಸೋಣ ಎನ್ನಲು ಅವರಿಗೂ ಬಾಯಿ ಬರುವುದಿಲ್ಲ.

ಮುಂದಿನ ಸೀಟಿನಿಂದ ಅಮ್ಮನೇ ಮಾತಾಡುತ್ತಾರೆ. “ಕತ್ತರಿಸು ತಾಯಿ. ನಾನು ಮನೇಲಿ ಕೂತು ಬಳ್ಳಿ ಒಂದೇ ಬೆಟ್ಟ ಇಳಿದು ಹತ್ತಿದ್ರೆ ಬರೆದೋರಿಗೆ ಖುಷಿ ಆಗುತ್ತಾ? ನನ್ನ ಗಂಡನ್ನ ನೀನು ಕಂಡಿಲ್ವಾ? ಇದ್ದಿದ್ರೆ ನಿನ್ನ ಕೈಯಿಂದ ಕತ್ತರಿ ಕಿತ್ಕೊಂಡು ಅವರೇ ಶುರು ಮಾಡ್ತಿದ್ರು.” ಮಾತು ಮುಗಿಸಿ ಮುಖ ಆಚೆ ತಿರುಗಿಸುತ್ತಾರೆ. ಮಗ ಅಳುತ್ತಾನೆ, ಮರೆಮಾಚುವುದೂ ಇಲ್ಲ.

ಆಮೇಲಿನದು ಬರೀ ಕೆಲಸ. ಕಮಾನು ಬಿಚ್ಚಿ, ಬಿರುಕಿನ ಪಟ್ಟಿ ತೆಗೆದು ಹೊಸದು ಸೇರಿಸಿ, ಒಂದೊಂದನ್ನೂ ಬಡಿದು ಎರಡಿಂಚಿಗೆ ಬೇಕಾದಷ್ಟು ಬಾಗಿಸುತ್ತಾರೆ. ಬ್ರೇಕಿನ ಪೈಪು ಎಳೆದುಕೊಳ್ಳುತ್ತಿಲ್ಲವೇ ಎಂದು ಮಲಗಿ ನೋಡುತ್ತಾರೆ. ಮಡ್‌ಗಾರ್ಡಿನ ಅಂಚನ್ನು ಮಾತ್ರ ನಿಧಾನವಾಗಿ, ಬಳ್ಳಿಯ ಮೇಲಿನ ಸಾಲಿನ ಹೂ ಉಳಿಯುವಂತೆ ಕತ್ತರಿಸುತ್ತಾರೆ. ಕೆಳಗೆ ಬಿದ್ದ ತಗಡಿನ ಚೂರನ್ನು ಅರದಿಂದ ಉಜ್ಜಿ ನಯ ಮಾಡಿ ಅಮ್ಮನ ಕೈಗೆ ಕೊಡುತ್ತಾರೆ. ಅಮ್ಮ ಅದನ್ನು ಬಟ್ಟೆಯಲ್ಲಿ ಸುತ್ತಿ ಮೊಟ್ಟೆ ಬುಟ್ಟಿಯೊಳಗೆ ಇಟ್ಟುಕೊಳ್ಳುತ್ತಾರೆ.

ಮಧ್ಯಾಹ್ನ ಗಾಡಿ ಹೊರಡುವ ಮೊದಲು ಕಮಾನಕ್ಕ ದಾರಿಹೋಕರನ್ನೆಲ್ಲ ಬೈದು ಕರೆದು ಹಿಂದೆ ತುಂಬುತ್ತಾರೆ. ಭಾರ ಬಿದ್ದ ಮೇಲೆ ಸ್ಟೇರಿಂಗ್ ತಿರುಗಿಸಲು ಹೇಳಿ, ಮುಷ್ಟಿ ತೂರಿಸುತ್ತಾರೆ. ಸಲೀಸಾಗಿ ಹೋಗುತ್ತದೆ. “ಹ್ಞೂಂ,” ಎನ್ನುತ್ತಾರೆ ಅಷ್ಟೇ.

ಇಷ್ಟು ವರ್ಷ ಈ ದಾರಿಯ ಗಾಡಿಗಳನ್ನೆಲ್ಲ ಎತ್ತಿ ನಿಲ್ಲಿಸಿದವರು ಮೇಲಿನ ಹಳ್ಳಿಯನ್ನು ಒಮ್ಮೆಯೂ ನೋಡಿಲ್ಲ. ಕೆಲಸ ಸರಿಯಾಗಿದೆಯೇ ಎಂದು ಮೊದಲ ತಿರುವಿನವರೆಗೆ ಹೋಗಿ ಇಳಿದು, ನಡೆದು ವಾಪಸು ಬರುವುದೇ ಅಭ್ಯಾಸ. ಅದು ತಿಳಿದ ಅಮ್ಮ, “ಅಯ್ಯೋ ನಿನ್ನ! ಭಾನುವಾರ ಬಾ, ನನ್ನ ಸೀಟು ನಿನಗೇ ಬಿಟ್ಟುಕೊಡ್ತೀನಿ,” ಎನ್ನುತ್ತಾರೆ.

ಕಮಾನಕ್ಕ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾರೆ. “ಬರ್ತೀನಮ್ಮ, ಬರಲೇಬೇಕು ಅಂತ ಎಷ್ಟೋ ವರ್ಷದ ಆಸೆ. ಆದ್ರೆ ಮುಂದಿನ ಸೀಟು ನಿಮ್ಮದೇ. ಅದಕ್ಕೆ ತಾನೇ ಇವತ್ತು ಇಷ್ಟೆಲ್ಲ ಮಾಡಿದ್ದು? ನಾನು ಹಿಂದೆ ಕೂತ್ಕೋತೀನಿ. ಜನ ಇಷ್ಟು ವರ್ಷ ಹಿಂದೆ ಕೂತು ಯಾವ ಕಮಾನನ್ನ ಬೈಕೊಂಡ್ರು ಅಂತ ನನಗೂ ಗೊತ್ತಾಗ್ಲಿ.”