ಕ್ಲೋರೋಫಾರಂ ಒಲ್ಲದ ಗೌಡರು

ತರೀಕೆರೆ ಆಸ್ಪತ್ರೆಯಲ್ಲಿ ನಾನು ಡಾಕ್ಟರಾಗಿದ್ದಾಗ, ಲಿಂಗದಹಳ್ಳಿಯ ರಂಗೇಗೌಡರಿಗೆ ಕ್ಲೋರೋಫಾರಂ ಕೊಟ್ಟು ತೊಡೆಯ ಕುರು ಕುಯ್ದೆ. ಕುರು ಮಾಯುವ ಮೊದಲೇ ಗೌಡರ ಕಣ್ಣು ಹಳದಿಯಾಯಿತು, ವಾಂತಿ ನಿಲ್ಲಲಿಲ್ಲ, ಮಾತು ತೊದಲಿತು. ಕ್ಲೋರೋಫಾರಂ ಅವರ ಲಿವರನ್ನು ಕೆಡಿಸಿತ್ತು. ಸಕ್ಕರೆ ನೀರು ಕುಡಿಸುತ್ತಾ ಕೂತೆ; ಬೇರೇನೂ ತೋಚಲಿಲ್ಲ. ಹೇಗೋ ಬದುಕಿದರು.

ಮರುವರ್ಷ ಇನ್ನೊಂದು ಕುರು ಹೊತ್ತು ಬಂದರು. ನನ್ನ ಕೈಯಲ್ಲಿದ್ದ ಸೀಸೆ ನೋಡಿ, "ಅದನ್ನ ನೀವೇ ಮೂಸ್ಕಳಿ ಡಾಕ್ಟ್ರೇ. ನಂಗೆ ಹಂಗೇ ಕುಯ್ರಿ," ಅಂದರು. ಒಪ್ಪಿದೆ. ಕತ್ತಿ ತಾಗಿದ್ದೇ ತಡ, ನನ್ನನ್ನೂ ನಮ್ಮಮ್ಮನನ್ನೂ ಸೇರಿಸಿ ಬೀದಿಗೆಲ್ಲ ಕೇಳುವಂತೆ ಬೈದರು. ಆದರೆ ಈ ಸಲ ನೆಟ್ಟಗೆ ಮನೆಗೆ ಹೋದರು.

ಆಸ್ಪತ್ರೆ ಪಕ್ಕದಲ್ಲೇ ನಮ್ಮ ಮನೆ. ಊಟಕ್ಕೆ ಬಡಿಸುತ್ತಾ ಹೆಂಡತಿ ಮೆಲ್ಲಗೆ ಕೇಳಿದಳು: "ಗೌಡ್ರು ನಿಮ್ಮಮ್ಮನ್ನ ಎಲ್ಲಿ ನೋಡಿದ್ರು ರೀ? ಎಲ್ಲಾ ಸರಿಯಾಗೇ ಹೇಳಿದ್ರಲ್ಲ."